ಫಿಟ್ಸ್ ಬಂದು ಹೋಯಿತು, ಕೈ ಯಾಕೆ ತಿರುಗುತ್ತಿಲ್ಲ?

ಫಿಟ್ಸ್ ನಿಂತ ಕೂಡಲೇ ಮನೆಯವರು ಮೂರು ವಿಷಯ ನೋಡುತ್ತಾರೆ. ಉಸಿರಾಟ ಸರಿ ಇದೆಯಾ, ತಲೆಗೆ ಪೆಟ್ಟು ಬಿತ್ತಾ, ನಾಲಿಗೆ ಕಚ್ಚಿಕೊಂಡರಾ. ನೋಡಬೇಕಾದ್ದೇ. ಆದರೆ ಭುಜದ ಕಡೆ ಯಾರ ಗಮನವೂ ಹೋಗುವುದಿಲ್ಲ. ರೋಗಿಗೂ ಆ ಹೊತ್ತಿಗೆ ಮಂಕು ಕವಿದಿರುತ್ತದೆ. ಎಲ್ಲಿ ನೋವು ಅಂತ ಹೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ಸಂಜೆ ಹೊತ್ತಿಗೆ "ಕೈ ಎತ್ತಕ್ಕೆ ಆಗ್ತಿಲ್ಲ" ಅಂದರೆ, "ಬಿದ್ದಾಗ ಉಳುಕಿರ್ಬೇಕು" ಅಂತ ಎಣ್ಣೆ ಬಿಸಿ ಮಾಡಿ ಉಜ್ಜುತ್ತಾರೆ. ವಾರ ಕಳೆಯುತ್ತದೆ, ತಿಂಗಳು ಕಳೆಯುತ್ತದೆ. ಆಮೇಲೆ ಯಾರೋ "ಫ್ರೋಜನ್ ಶೋಲ್ಡರ್ ಇರಬೇಕು" ಅನ್ನುತ್ತಾರೆ, ವ್ಯಾಯಾಮ ಶುರುವಾಗುತ್ತದೆ. ಅಷ್ಟು ದಿನವೂ ಕೀಲು ತಪ್ಪಿಕೊಂಡೇ ಇರುತ್ತದೆ.

ಇದು ಅಪರೂಪದ ಎಡವಟ್ಟಲ್ಲ. ಫಿಟ್ಸ್‌ನಲ್ಲಿ ಆಗುವ ಒಂದು ಬಗೆಯ ಭುಜದ ಗಾಯ, ಅಂದರೆ ಕೀಲು ಹಿಂದಕ್ಕೆ ತಪ್ಪುವುದು, ಮೊದಲ ತಪಾಸಣೆಯಲ್ಲಿ ಅರ್ಧಕ್ಕೂ ಹೆಚ್ಚು ಸಲ ತಪ್ಪಿ ಹೋಗುತ್ತದೆ. ವೈದ್ಯಕೀಯ ಪುಸ್ತಕಗಳೇ ಹೀಗೆ ಎಚ್ಚರಿಸುತ್ತವೆ. ಯಾಕೆ ತಪ್ಪುತ್ತದೆ ಅಂತ ಗೊತ್ತಾದರೆ ತಪ್ಪದಂತೆ ನೋಡಿಕೊಳ್ಳುವುದು ಕಷ್ಟವೇನಲ್ಲ. ಅದಕ್ಕೆ ರೋಗಿಯ ಕಡೆಯವರು ಎರಡು ಮಾತು ಆಡಿದರೆ ಸಾಕು. ಆ ಎರಡು ಮಾತು ಯಾವುದು ಅನ್ನುವುದಕ್ಕೆ ಮೊದಲು ಕೀಲಿನ ವಿಷಯ ನೋಡೋಣ.

ಸೊಂಟದ ಕೀಲು ಆಳವಾದ ಗುಳಿಯಲ್ಲಿ ಕೂತಿದೆ. ಭುಜದ್ದು ಹಾಗಲ್ಲ, ಹಣತೆಯ ಮೇಲೆ ನಿಂಬೆಹಣ್ಣು ಕೂರಿಸಿದ ಹಾಗೆ. ತೋಳಿನ ಮೂಳೆಯ ದುಂಡು ತಲೆ ದೊಡ್ಡದು, ಅದು ಕೂರುವ ಹೆಗಲ ಮೂಳೆಯ ಗುಳಿ ಚಿಕ್ಕದು, ಆಳವೂ ಇಲ್ಲ. ಹೀಗಿರುವುದರಿಂದಲೇ ಕೈಯನ್ನು ಬೆನ್ನ ಹಿಂದಕ್ಕೂ ತಲೆಯ ಮೇಲಕ್ಕೂ ಒಯ್ಯಲು ಆಗುತ್ತದೆ. ಅಲ್ಲಿ ಹಿಡಿದಿಡುವ ಕೆಲಸ ಮೂಳೆಗಿಂತ ಸ್ನಾಯುಗಳದ್ದು ಜಾಸ್ತಿ.

ಆ ಸ್ನಾಯುಗಳಲ್ಲಿ ಸಮಬಲ ಇಲ್ಲ. ತೋಳನ್ನು ಒಳಕ್ಕೆ ತಿರುಗಿಸುವವು ಭಾರೀ ಸ್ನಾಯುಗಳು. ಎದೆಯ ಅಗಲವಾದ ಸ್ನಾಯು, ಬೆನ್ನಿನಿಂದ ಕಂಕುಳಿಗೆ ಬರುವ ದೊಡ್ಡ ಸ್ನಾಯು, ಹೆಗಲ ಮೂಳೆಯ ಒಳಮೈಯಲ್ಲಿರುವ ಸಬ್‌ಸ್ಕ್ಯಾಪುಲಾರಿಸ್. ಹೊರಕ್ಕೆ ತಿರುಗಿಸಲು ಮುಖ್ಯವಾಗಿ ಇರುವವು ಎರಡು ಸಣ್ಣ ಸ್ನಾಯುಗಳು. ಕಟ್ಟಿಗೆ ಒಡೆಯುವಾಗ, ಬಾವಿಯಿಂದ ನೀರು ಸೇದುವಾಗ ಮೆದುಳು ಒಂದನ್ನು ಬಿಗಿದು ಇನ್ನೊಂದನ್ನು ಸಡಿಲ ಬಿಡುತ್ತದೆ. ಫಿಟ್ಸ್‌ನಲ್ಲಿ ಆ ಹಿಡಿತ ಇರುವುದಿಲ್ಲ. ಎಲ್ಲ ಸ್ನಾಯುಗಳೂ ಒಟ್ಟಿಗೆ, ಪೂರ್ತಿ ಬಲದಿಂದ ಬಿಗಿಯುತ್ತವೆ. ಬಲವಾದವು ಗೆಲ್ಲುತ್ತವೆ. ತೋಳು ಎದೆಗೆ ಒತ್ತಿ, ಒಳಕ್ಕೆ ತಿರುಚಿಕೊಂಡು, ದುಂಡು ತಲೆ ಗುಳಿಯಿಂದ ಹಿಂದಕ್ಕೆ ಜಾರುತ್ತದೆ. ಸೆಳೆತ ಅಷ್ಟಕ್ಕೇ ನಿಲ್ಲುವುದಿಲ್ಲ. ಜಾರಿದ ತಲೆಯನ್ನು ಗುಳಿಯ ಹಿಂಬದಿಯ ಅಂಚಿಗೆ ಒತ್ತುತ್ತಲೇ ಇರುತ್ತದೆ. ಆ ಅಂಚು ತಲೆಯ ಮುಂಭಾಗದಲ್ಲಿ ಒಂದು ಕಚ್ಚು ಮಾಡಿ, ಅದರೊಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಇದಕ್ಕೆ ಬೀಳುವುದೂ ಬೇಕಿಲ್ಲ. ಹಾಸಿಗೆಯಲ್ಲಿ ಮಲಗಿದವರಿಗೂ ಆಗಬಹುದು.

ಬರೀ ಸ್ನಾಯುವಿನ ಬಲಕ್ಕೆ ಮೂಳೆ ಜಖಂ ಆಗುತ್ತದಾ ಅಂತ ಅನುಮಾನ ಬರುವುದು ಸಹಜ. ಇದಕ್ಕೆ ಹಳೆಯ ಸಾಕ್ಷಿ ಇದೆ. 1930ರ ದಶಕದಲ್ಲಿ ಯುರೋಪಿನಲ್ಲಿ ಮಾನಸಿಕ ಕಾಯಿಲೆಗೆ ಬೇಕೆಂದೇ ಫಿಟ್ಸ್ ಬರಿಸುವ ಚಿಕಿತ್ಸೆ ಶುರುವಾಯಿತು. 1934ರಲ್ಲಿ ಹಂಗೇರಿಯ ವೈದ್ಯ ಮೆಡೂನಾ ಅದಕ್ಕೆ ಕರ್ಪೂರದ ಇಂಜೆಕ್ಷನ್ ಕೊಟ್ಟರು. 1938ರಲ್ಲಿ ರೋಮ್‌ನಲ್ಲಿ ಅದರ ಬದಲು ಕರೆಂಟ್ ಬಳಕೆಗೆ ಬಂತು. ಮಂಚದ ಮೇಲೆ ಮಲಗಿದ್ದ ಜನಕ್ಕೆ ಬೆನ್ನುಮೂಳೆ ಕುಸಿಯುತ್ತಿತ್ತು, ಕೀಲು ತಪ್ಪುತ್ತಿತ್ತು. ಸ್ನಾಯು ಸಡಿಲಿಸುವ ಔಷಧಿಯನ್ನು ಜೊತೆಗೆ ಕೊಡಲು ಶುರು ಮಾಡಿದ ಮೇಲೆ ಆ ತೊಂದರೆ ಹೋಯಿತು. ಈಗಿನ ಇ.ಸಿ.ಟಿ., ಅಂದರೆ ಆ ಕರೆಂಟ್ ಚಿಕಿತ್ಸೆ, ಅರಿವಳಿಕೆ ಕೊಟ್ಟೇ ಮಾಡುವುದು, ಅದಕ್ಕೆ ಹೆದರಬೇಕಿಲ್ಲ. ಕರ್ಪೂರದ ವಿಷಯ ಮಾತ್ರ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಈಗ, ಡಾಕ್ಟರ ಕಣ್ಣಿಗೂ ಇದು ಯಾಕೆ ತಪ್ಪುತ್ತದೆ? ಭುಜ ತಪ್ಪಿದ 100 ಜನರಲ್ಲಿ 95ಕ್ಕೂ ಹೆಚ್ಚು ಜನಕ್ಕೆ ಅದು ಮುಂದಕ್ಕೆ ತಪ್ಪಿರುತ್ತದೆ. ಬೈಕಿನಿಂದ ಬಿದ್ದವರು, ಕಬಡ್ಡಿ ಆಡುವವರು, ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿದವರು ಎಲ್ಲ ಈ ಗುಂಪು. ಭುಜದ ದುಂಡು ಹೋಗಿ ಚಪ್ಪಟೆ ಆಗಿರುವುದು ಬರಿಗಣ್ಣಿಗೇ ಕಾಣುತ್ತದೆ. ಹಿಂದಕ್ಕೆ ತಪ್ಪುವುದು 100ರಲ್ಲಿ 2ರಿಂದ 5. ಅದೂ ಬಹಳ ಸಲ ಫಿಟ್ಸ್, ಕರೆಂಟ್ ಶಾಕ್ ಅಥವಾ ದೊಡ್ಡ ಅಪಘಾತದಲ್ಲಿ. ನೋಡಲು ಆಕಾರ ಅಷ್ಟೊಂದು ಕೆಟ್ಟಿರುವುದಿಲ್ಲ. ಕೈ ಹೊಟ್ಟೆಗೆ ಅಂಟಿಕೊಂಡಿರುತ್ತದೆ, ನೋವಿಗೆ ಹಾಗೆ ಹಿಡಿದಿದ್ದಾರೆ ಅನಿಸುತ್ತದೆ. ಇನ್ನು ಎಕ್ಸ್‌ರೇ. ಎದುರಿನಿಂದ ತೆಗೆದ ಒಂದೇ ಚಿತ್ರದಲ್ಲಿ ಹಿಂದಕ್ಕೆ ಸರಿದ ತಲೆ ಗುಳಿಯ ಮೇಲೇ ಕೂತ ಹಾಗೆ ಕಾಣಬಹುದು. "ಎಕ್ಸ್‌ರೇ ನಾರ್ಮಲ್" ಅನ್ನುವ ಮಾತು ಹುಟ್ಟುವುದು ಇಲ್ಲೇ.

ತಮಾಷೆ ಎಂದರೆ, ಎಕ್ಸ್‌ರೇ ಬಂದದ್ದು 1895ರಲ್ಲಿ. ಅದಕ್ಕೆ 40 ವರ್ಷ ಮೊದಲೇ, 1855ರಲ್ಲಿ, ಫ್ರಾನ್ಸಿನ ಶಸ್ತ್ರವೈದ್ಯ ಮಾಲ್ಗೇನ್ ಹೀಗೆ ಹಿಂದಕ್ಕೆ ತಪ್ಪಿದ 37 ಭುಜಗಳ ಬಗ್ಗೆ ಬರೆದಿದ್ದರು. ಯಂತ್ರ ಇಲ್ಲದೆ, ಬರೀ ಕೈಯಿಂದ ಮುಟ್ಟಿ ನೋಡಿ. ಅಂದರೆ ಪರೀಕ್ಷೆ ಮಾಡಿದರೆ ಸಿಕ್ಕೇ ಸಿಗುತ್ತದೆ.

ಆ ಪರೀಕ್ಷೆ ಸುಲಭ. ಮೊಣಕೈಯನ್ನು ಪಕ್ಕೆಗೆ ತಾಗಿಸಿ ಮಡಿಸಬೇಕು. ಅಲ್ಲಿಂದ ಮುಂಗೈಯನ್ನು ಹೊಟ್ಟೆಯಿಂದ ದೂರಕ್ಕೆ, ಹೊರಕ್ಕೆ ತಿರುಗಿಸಬೇಕು. ಸರಿ ಇರುವ ಕೈ ಆರಾಮವಾಗಿ ಹೋಗುತ್ತದೆ. ಹಿಂದಕ್ಕೆ ತಪ್ಪಿದ ಭುಜದ ಕೈ ಹೋಗುವುದಿಲ್ಲ. ತಾನಾಗಿ ತಿರುಗಿಸಿದರೂ ಇಲ್ಲ, ಬೇರೆಯವರು ಮೆಲ್ಲಗೆ ತಿರುಗಿಸಿದರೂ ಇಲ್ಲ. ಅಡ್ಡ ಏನೋ ಸಿಕ್ಕ ಹಾಗೆ ನಿಂತುಬಿಡುತ್ತದೆ. ಇನ್ನೊಂದು ಗುರುತು, ಕೈ ಮುಂದೆ ಚಾಚಿ ಅಂಗೈ ಮೇಲೆ ಮಾಡಲು ಆಗುವುದಿಲ್ಲ. ತೀರ್ಥ ತೆಗೆದುಕೊಳ್ಳಲು ಕೈ ಒಡ್ಡಲಾರದ ಸ್ಥಿತಿ. ಮನೆಯಲ್ಲಿ ಇಷ್ಟು ನೋಡಬಹುದು. ಆದರೆ ಒತ್ತಿ ಎಳೆದು ನೋಡಬೇಡಿ. ಒಳಗೆ ಮೂಳೆ ಬಿರುಕು ಬಿಟ್ಟಿದ್ದರೆ ಪೂರ್ತಿ ಬೇರೆಯಾಗಬಹುದು.

ಇಲ್ಲೊಂದು ಗೊಂದಲ ಆಗುವುದುಂಟು. ಕೆಲವರಿಗೆ ಫಿಟ್ಸ್ ಆದ ಮೇಲೆ ಒಂದು ಕೈ ಅಥವಾ ಒಂದು ಪಕ್ಕ ಕೆಲ ಗಂಟೆ ಬಲ ಕಳೆದುಕೊಳ್ಳುತ್ತದೆ. ಇದಕ್ಕೆ ಟಾಡ್ಸ್ ಪಾರ್ಶ್ವವಾಯು ಅನ್ನುತ್ತಾರೆ. ಮೆದುಳು ಸುಸ್ತಾದ ಪರಿಣಾಮ. ಸಾಮಾನ್ಯವಾಗಿ ಒಂದೆರಡು ದಿನದೊಳಗೆ ಸರಿಹೋಗುತ್ತದೆ. ಅಲ್ಲಿ ಕೈ ಮೆತ್ತಗೆ ಜೋತು ಬಿದ್ದಿರುತ್ತದೆ, ಬೇರೆಯವರು ತಿರುಗಿಸಿದರೆ ಸಲೀಸಾಗಿ ತಿರುಗುತ್ತದೆ, ನೋವೂ ಇರುವುದಿಲ್ಲ. ಕೀಲು ತಪ್ಪಿದ್ದರೆ ಬೆರಳು, ಮಣಿಕಟ್ಟು ಚೆನ್ನಾಗಿ ಆಡುತ್ತವೆ, ಭುಜ ಮಾತ್ರ ನೋವಿನಿಂದ ಬಿಗಿದಿರುತ್ತದೆ. ಹಾಗಂತ ಕೈ ಸೋತಿದ್ದನ್ನು ಟಾಡ್ಸ್ ಅಂತ ಮನೆಯಲ್ಲೇ ತೀರ್ಮಾನ ಮಾಡಿ ಕೂರಬಾರದು. ಸ್ಟ್ರೋಕ್ ಆಗಿರಲೂಬಹುದು.

ಎರಡು ಮಾತು ಅಂದೆನಲ್ಲ. ಮೊದಲನೆಯದು, ಮೂಳೆ ಡಾಕ್ಟರ ಹತ್ತಿರ "ಫಿಟ್ಸ್ ಬಂದಿತ್ತು" ಅಂತ ಬಾಯಿಬಿಟ್ಟು ಹೇಳುವುದು. ಹೇಳುವುದಿಲ್ಲ ನಮ್ಮ ಜನ. "ಜಾರಿ ಬಿದ್ದರು" ಅನ್ನುತ್ತಾರೆ. ಮದುವೆ ಆಗಬೇಕಾದ ಹುಡುಗ ಹುಡುಗಿ ಆದರಂತೂ ಕೇಳುವುದೇ ಬೇಡ, ಹೊಸನಗರದ ಆಸ್ಪತ್ರೆಯ ಬೆಂಚಿನ ಮೇಲೆ ಪರಿಚಯದವರು ಕೂತಿದ್ದರೆ ಬಾಯಿ ಇನ್ನೂ ಕಟ್ಟುತ್ತದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿ ಎಂದು ಇದ್ದ ಮೂರ್ಛೆರೋಗದ ಮಾತನ್ನು 1999ರಲ್ಲೇ ತೆಗೆದು ಹಾಕಿದ್ದಾರೆ. ಕಾನೂನು ಬಿಟ್ಟರೂ ನಾವು ಬಿಟ್ಟಿಲ್ಲ. ಇದರ ನಷ್ಟ ಮಾತ್ರ ಭುಜಕ್ಕೆ. ಜಾರಿ ಬಿದ್ದವರ ಭುಜದಲ್ಲಿ ಡಾಕ್ಟರು ಹುಡುಕುವುದು ಒಂದು, ಫಿಟ್ಸ್ ಬಂದವರ ಭುಜದಲ್ಲಿ ಹುಡುಕುವುದು ಇನ್ನೊಂದು.

ಎರಡನೆಯದು, "ಪಕ್ಕದಿಂದಲೂ ಒಂದು ಎಕ್ಸ್‌ರೇ ಬೇಕಾ ಸರ್?" ಅಂತ ಕೇಳುವುದು. ಕಂಕುಳ ಕಡೆಯಿಂದ ತೆಗೆಯುವ ಚಿತ್ರಕ್ಕೆ ಆಕ್ಸಿಲರಿ ವ್ಯೂ ಅನ್ನುತ್ತಾರೆ. ತಲೆ ಗುಳಿಯಲ್ಲಿ ಇದೆಯಾ, ಹಿಂದೆ ಹೋಗಿದೆಯಾ ಅಂತ ಅದರಲ್ಲಿ ಸ್ಪಷ್ಟವಾಗಿ ಗೊತ್ತಾಗುತ್ತದೆ. ಆದರೆ ಅದಕ್ಕೆ ಕೈಯನ್ನು ಸ್ವಲ್ಪ ಅಗಲಿಸಬೇಕು. ನೋವಿರುವ ರೋಗಿ ಒಪ್ಪುವುದಿಲ್ಲ, ಟೆಕ್ನಿಷಿಯನ್‌ಗೂ ಪಾಪ ಅನಿಸಿ ಬಿಟ್ಟುಬಿಡುತ್ತಾರೆ. ಅದಕ್ಕೂ ದಾರಿ ಇದೆ. ಕೈಯನ್ನು ಜೋಳಿಗೆಯಿಂದ ತೆಗೆಯುವುದೇ ಬೇಡ. ರೋಗಿ ಮೇಜಿಗೆ ಬೆನ್ನು ಮಾಡಿ ನಿಂತು, ಸುಮಾರು 30 ಡಿಗ್ರಿ ಹಿಂದಕ್ಕೆ ವಾಲಬೇಕು. ಫಿಲ್ಮಿನ ತಟ್ಟೆ ಮೇಜಿನ ಮೇಲೆ, ಭುಜದ ಕೆಳಗೆ ಬರುವ ಹಾಗೆ ಇರುತ್ತದೆ. ಕಿರಣ ಮೇಲಿನಿಂದ ನೇರ ಕೆಳಕ್ಕೆ. ಇದಕ್ಕೆ ವೆಲ್ಪೋ ವ್ಯೂ ಅಂತ ಹೆಸರು. ಎರಡು ನಿಮಿಷದ ಕೆಲಸ, ತಾಲ್ಲೂಕು ಆಸ್ಪತ್ರೆಯ ಎಕ್ಸ್‌ರೇ ಯಂತ್ರದಲ್ಲೇ ಆಗುತ್ತದೆ. ಎದುರಿನ ಚಿತ್ರದಲ್ಲೂ ಅನುಭವಿ ಕಣ್ಣಿಗೆ ಒಂದು ಸುಳಿವು ಇರುತ್ತದೆ. ಒಳಕ್ಕೆ ತಿರುಚಿಕೊಂಡ ಮೂಳೆಯ ತಲೆ ಎಲ್ಲ ಕಡೆಯಿಂದ ದುಂಡಗೆ, ಬಲ್ಬಿನ ಆಕಾರದಲ್ಲಿ ಕಾಣುತ್ತದೆ. ಬಲ್ಬ್ ಚಿಹ್ನೆ ಅಂತಲೇ ಅದನ್ನು ಕರೆಯುತ್ತಾರೆ.

ತಪ್ಪಿದೆ ಅಂತ ಖಚಿತವಾದ ಮೇಲೆ ಸಿ.ಟಿ. ಸ್ಕ್ಯಾನ್ ಬೇಕು. ಇದು ಸುಮ್ನೆ ಬರೆಯುವ ಸ್ಕ್ಯಾನ್ ಅಲ್ಲ. ಮೂಳೆಯ ತಲೆಯಲ್ಲಿ ಕಚ್ಚು ಎಷ್ಟು ದೊಡ್ಡದಿದೆ ಅನ್ನುವುದರ ಮೇಲೇ ಚಿಕಿತ್ಸೆ ನಿಂತಿದೆ. ಇದಕ್ಕಾಗಿ ತೀರ್ಥಹಳ್ಳಿ, ಸಾಗರ, ಸೊರಬದ ಕಡೆಯವರು ಸಾಮಾನ್ಯವಾಗಿ ಶಿವಮೊಗ್ಗಕ್ಕೆ ಬರುತ್ತಾರೆ. ಮೆಗ್ಗಾನ್‌ನಂತಹ ಬೋಧನಾ ಆಸ್ಪತ್ರೆಯ ಅನುಕೂಲ ಏನೆಂದರೆ ಮೂಳೆ ವಿಭಾಗ, ಮೆಡಿಸಿನ್ ವಿಭಾಗ ಎರಡೂ ಒಂದೇ ಆವರಣದಲ್ಲಿ ಇರುತ್ತವೆ. ಈ ಗಾಯಕ್ಕೆ ಇಬ್ಬರೂ ಬೇಕು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯ ಇದೆ. ಯಾವ ಆಪರೇಷನ್ ಅದರಲ್ಲಿ ಬರುತ್ತದೆ, ರೆಫರಲ್ ಬೇಕಾ ಅಂತ ದಾಖಲಾಗುವ ಮೊದಲೇ ಕೇಳಿ.

ಬೇಗ ಸಿಕ್ಕರೆ, ಅಂದರೆ ಸುಮಾರು 3 ವಾರದೊಳಗೆ, ಕಚ್ಚೂ ಚಿಕ್ಕದಿದ್ದರೆ, ಕೊಯ್ಯುವ ಅಗತ್ಯ ಬಹಳ ಸಲ ಬರುವುದಿಲ್ಲ. ಅರಿವಳಿಕೆ ಕೊಟ್ಟು, ಸ್ನಾಯು ಪೂರ್ತಿ ಸಡಿಲವಾದ ಮೇಲೆ, ಕೀಲನ್ನು ಮೆಲ್ಲಗೆ ಸಿಕ್ಕು ಬಿಡಿಸಿ ಕೂರಿಸುತ್ತಾರೆ. ಅರಿವಳಿಕೆ ಇಲ್ಲದೆ ಎಳೆಯುವುದು ಅಪಾಯ. ನಮ್ಮ ಕಡೆ ಕೀಲು ಕೂರಿಸುವ ನಾಟಿ ಕೈಗಳಿಗೆ ಕೊರತೆ ಇಲ್ಲ, ಅವರಲ್ಲಿ ಚೆನ್ನಾಗಿ ಉಳುಕು ತೆಗೆಯುವವರೂ ಇದ್ದಾರೆ. ಆದರೆ ಇದು ಉಳುಕಲ್ಲ. ಕಚ್ಚಿನಲ್ಲಿ ಸಿಕ್ಕಿಬಿದ್ದ ಮೂಳೆಯನ್ನು ಬಲವಾಗಿ ತಿರುಚಿದರೆ ಅದರ ಕತ್ತು ಮುರಿಯಬಹುದು, ಪಕ್ಕದಲ್ಲೇ ಹಾದುಹೋಗುವ ಆಕ್ಸಿಲರಿ ನರಕ್ಕೂ ಪೆಟ್ಟಾಗಬಹುದು. ಆ ನರ ಸರಿ ಇದೆಯಾ ಅಂತ ತಿಳಿಯಲು ಡಾಕ್ಟರು ತೋಳಿನ ಮೇಲ್ಭಾಗದ ಹೊರಮೈಯನ್ನು ಮುಟ್ಟಿ "ಗೊತ್ತಾಗುತ್ತಾ?" ಅಂತ ಕೇಳುತ್ತಾರೆ. ಕೂರಿಸುವ ಮುಂಚೆಯೂ ಕೇಳಬೇಕು, ಕೂರಿಸಿದ ಮೇಲೂ ಕೇಳಬೇಕು.

ಕಚ್ಚು ದೊಡ್ಡದಿದ್ದರೆ ಲೆಕ್ಕ ಬದಲಾಗುತ್ತದೆ. ತಲೆಯ ಕಾಲು ಭಾಗದವರೆಗೆ ಜಖಂ ಆಗಿದ್ದರೆ ಕೂರಿಸಿ ಕಾಯಬಹುದು. ಅದಕ್ಕಿಂತ ಜಾಸ್ತಿ, ಅರ್ಧದವರೆಗೆ ಇದ್ದರೆ, ಆ ಕಚ್ಚನ್ನು ತುಂಬಬೇಕು. ಇಲ್ಲದಿದ್ದರೆ ಕೈ ಒಳಕ್ಕೆ ತಿರುಗಿದಾಗಲೆಲ್ಲ ಅಂಚು ಮತ್ತೆ ಅದೇ ಕಚ್ಚಿಗೆ ಬೀಳುತ್ತದೆ. 1952ರಲ್ಲಿ ಮೆಕ್‌ಲಾಫ್ಲಿನ್ ಎಂಬ ಶಸ್ತ್ರವೈದ್ಯರು ಸಬ್‌ಸ್ಕ್ಯಾಪುಲಾರಿಸ್ ಸ್ನಾಯುವಿನ ತುದಿಯನ್ನೇ ತಂದು ಕಚ್ಚಿನೊಳಗೆ ಕೂರಿಸುವ ವಿಧಾನ ಹೇಳಿದರು. ಅದನ್ನು ಸುಧಾರಿಸಿ ಈಗ ಸ್ನಾಯುವಿನ ಜೊತೆ ಅದು ಅಂಟಿರುವ ಮೂಳೆಯ ತುಣುಕನ್ನೂ ಸೇರಿಸಿ ಸ್ಕ್ರೂ ಹಾಕುತ್ತಾರೆ. ಬೇರೆ ಕಡೆಯ ಮೂಳೆ ತಂದು ತುಂಬುವುದೂ ಇದೆ. ಅರ್ಧಕ್ಕಿಂತ ಹೆಚ್ಚು ಹಾಳಾಗಿದ್ದರೆ, ಅಥವಾ ತಿಂಗಳುಗಟ್ಟಲೆ ಹಾಗೇ ಬಿಟ್ಟು ತಲೆ ಮೆತ್ತಗಾಗಿದ್ದರೆ, ಉಳಿಯುವುದು ಕೃತಕ ಕೀಲು. 30 ವರ್ಷದವರಿಗೆ ಕೃತಕ ಭುಜ ಹಾಕುವ ಸಂದರ್ಭ ಯಾರಿಗೂ ಇಷ್ಟವಿಲ್ಲ. ಇದರಲ್ಲಿ ಎಷ್ಟೋ ಆಪರೇಷನ್‌ಗಳು ಮೊದಲ ದಿನದ ಆ ಎರಡನೇ ಎಕ್ಸ್‌ರೇಯಿಂದ ತಪ್ಪಬಹುದಿತ್ತು ಅಂತ ನನಗೆ ಅನಿಸುತ್ತದೆ.

ಕೂರಿಸಿದ ಮೇಲೆ ಕೈ ಕಟ್ಟುವ ರೀತಿಯಲ್ಲೂ ಒಂದು ವಿಷಯ ಇದೆ. ನಮಗೆ ಗೊತ್ತಿರುವುದು ಕುತ್ತಿಗೆಗೆ ಹಾಕುವ ಜೋಳಿಗೆ, ಅಂಗೈ ಹೊಟ್ಟೆಯ ಮೇಲೆ. ಹಾಗೆ ಕಟ್ಟಿದರೆ ತೋಳು ಒಳಕ್ಕೆ ತಿರುಗುತ್ತದೆ. ಹಿಂದಕ್ಕೆ ತಪ್ಪಿದ ಭುಜಕ್ಕೆ ಅದೇ ಜಾರುವ ದಾರಿ! ಇದಕ್ಕೆ ಮುಂಗೈ ನೇರ ಮುಂದೆ ಅಥವಾ ಸ್ವಲ್ಪ ಹೊರಕ್ಕೆ ಇರುವ ಬ್ರೇಸ್ ಬೇಕು, ಸಾಮಾನ್ಯವಾಗಿ 4ರಿಂದ 6 ವಾರ. ಬಸ್ಸಿನಲ್ಲಿ ಕೂರಲು, ಮಲಗಲು ಕಿರಿಕಿರಿ ಆಗುತ್ತದೆ. ನೋಡಿದವರು "ಇದೇನು ಹೀಗೆ ಕಟ್ಟಿದ್ದಾರೆ" ಅಂತ ಬಿಚ್ಚಿ ಜೋಳಿಗೆಗೆ ಹಾಕುವುದೂ ಉಂಟು. ಬಿಚ್ಚಬೇಡಿ. ಆಮೇಲೆ ಫಿಸಿಯೋಥೆರಪಿ. ಮೊದಲು ಸುಮ್ನೆ ಆಡಿಸುವುದು, ನಂತರ ಹೊರಕ್ಕೆ ತಿರುಗಿಸುವ ಆ ಸಣ್ಣ ಸ್ನಾಯುಗಳಿಗೆ ಬಲ ತುಂಬುವುದು.

ಫಿಟ್ಸ್‌ನಲ್ಲಿ ಭುಜ ಮುಂದಕ್ಕೂ ತಪ್ಪಬಹುದು, ಬಿದ್ದ ರಭಸಕ್ಕೆ ತೋಳಿನ ಮೂಳೆ ಮುರಿಯಬಹುದು. ಮುಂದಕ್ಕೆ ತಪ್ಪಿದ್ದು ಫಿಟ್ಸ್ ಬಂದಾಗಲೆಲ್ಲ ಮತ್ತೆ ತಪ್ಪುತ್ತಾ, ಗುಳಿಯ ಮುಂದಿನ ಅಂಚನ್ನೇ ಸವೆಸುತ್ತದೆ. ಅಂಥವರಿಗೆ ಕೀಲಿನ ಸುತ್ತಲಿನ ಪೊರೆ ಮಾತ್ರ ಹೊಲಿದರೆ ಸಾಲುವುದಿಲ್ಲ, ಮೂಳೆಯ ತುಂಡು ಇಟ್ಟು ಅಂಚು ಕಟ್ಟುವ ಲಟಾರ್ಜೆಯಂತಹ ಆಪರೇಷನ್ ಕಡೆಗೆ ಡಾಕ್ಟರು ವಾಲುತ್ತಾರೆ. ಎರಡೂ ಭುಜ ಒಟ್ಟಿಗೆ ಹಿಂದಕ್ಕೆ ತಪ್ಪಿದ್ದರೆ ಅದೇ ಒಂದು ಸುಳಿವು. ಬೆಳಿಗ್ಗೆ ಎದ್ದಾಗ ಎರಡೂ ಕೈ ತಿರುಗುತ್ತಿಲ್ಲ, ನಾಲಿಗೆಯ ಪಕ್ಕ ಗಾಯ, ಹಾಸಿಗೆ ಒದ್ದೆ. ರಾತ್ರಿ ಯಾರಿಗೂ ಗೊತ್ತಾಗದೆ ಫಿಟ್ಸ್ ಬಂದು ಹೋಗಿದೆ ಅಂತ ಅರ್ಥ. ಅಲ್ಲಿ ಭುಜದ ಜೊತೆಗೆ ಮೆದುಳಿನ ತಪಾಸಣೆ ಆಗಬೇಕು: ರಕ್ತದ ಸಕ್ಕರೆ, ಸೋಡಿಯಂ, ಮೆದುಳಿನ ವಿದ್ಯುತ್ ಚಟುವಟಿಕೆ ನೋಡುವ ಇ.ಇ.ಜಿ., ಸ್ಕ್ಯಾನ್. ಕುಡಿತ ದಿಢೀರ್ ಬಿಟ್ಟವರಿಗೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರುವುದುಂಟು. ಮಲೆನಾಡಿನಲ್ಲಿ ಚಳಿಗಾಲದಿಂದ ಬೇಸಿಗೆಯವರೆಗೆ ಜ್ವರದ ಜೊತೆ ಫಿಟ್ಸ್ ಬಂದರೆ ಮಂಗನ ಕಾಯಿಲೆಯನ್ನೂ ಯೋಚಿಸಬೇಕಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆ ಕೆಲವರಿಗೆ ಎರಡನೇ ಹಂತದಲ್ಲಿ ಮೆದುಳಿಗೂ ತಗಲುತ್ತದೆ.

ಭುಜ ಎಷ್ಟೇ ಚೆನ್ನಾಗಿ ರಿಪೇರಿ ಆಗಿರಲಿ, ಫಿಟ್ಸ್ ನಿಲ್ಲದಿದ್ದರೆ ಹೊಲಿಗೆ, ಸ್ಕ್ರೂ ಯಾವುದೂ ತಡೆಯುವುದಿಲ್ಲ. ಸರಿಯಾದ ಮಾತ್ರೆ ತಪ್ಪದೆ ತೆಗೆದುಕೊಂಡರೆ 100ರಲ್ಲಿ ಸುಮಾರು 70 ಜನಕ್ಕೆ ಫಿಟ್ಸ್ ನಿಲ್ಲಬಹುದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಾತ್ರೆ ಬಿಡುವುದು, ನಿದ್ದೆಗೆಡುವುದು, ಇವೆರಡೇ ದೊಡ್ಡ ಶತ್ರು. ಕೊಯ್ಲಿನ ಕಾಲದಲ್ಲಿ ರಾತ್ರಿ ಹನ್ನೆರಡರವರೆಗೆ ಅಡಿಕೆ ಸುಲಿಯುವುದು, ಬೆಳಗಾಗುವವರೆಗೆ ಯಕ್ಷಗಾನದ ಆಟ ನೋಡುವುದು ಫಿಟ್ಸ್ ಇರುವವರಿಗೆ ಒಳ್ಳೆಯದಲ್ಲ. ಬೇಜಾರಿನ ಮಾತೇ, ಆದರೆ ಹೇಳಲೇಬೇಕು. ಫಿನೈಟಾಯಿನ್, ಫಿನೋಬಾರ್ಬಿಟಾಲ್, ಕಾರ್ಬಮಜೆಪಿನ್ ತರಹದ ಹಳೆಯ ಮಾತ್ರೆಗಳು ವಿಟಮಿನ್ ಡಿ ಕಡಿಮೆ ಮಾಡಿ ವರ್ಷಗಳಲ್ಲಿ ಮೂಳೆಯನ್ನು ಸಡಿಲಗೊಳಿಸುತ್ತವೆ. ಅದಕ್ಕೆ ಮಾತ್ರೆ ನಿಲ್ಲಿಸುವುದಲ್ಲ, ವಿಟಮಿನ್ ಡಿ ಪರೀಕ್ಷೆ ಮಾಡಿಸಿ ಬೇಕಾದರೆ ಸೇರಿಸಿಕೊಳ್ಳುವುದು.

ನೋವಿನ ಔಷಧಿಯಲ್ಲೂ ಎಚ್ಚರ ಬೇಕು. ಟ್ರಮಡಾಲ್ ಅನ್ನುವ ನೋವಿನ ಮಾತ್ರೆ, ಇಂಜೆಕ್ಷನ್ ಫಿಟ್ಸ್ ಬರಿಸಬಲ್ಲದು. ಬೇರೆ ಹೆಸರಿನ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಬೆರೆತೂ ಬರುತ್ತದೆ, ಸ್ಟ್ರಿಪ್ಪಿನ ಹಿಂದೆ ಓದಿ. ಇನ್ನು ಆ ಕರ್ಪೂರ. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಉಜ್ಜುವುದು ಮನೆಮನೆಯ ಮದ್ದು. ಕರ್ಪೂರ ಜಾಸ್ತಿ ಮೈಗೆ ಸೇರಿದರೆ ಮೆಡೂನಾ ಬೇಕೆಂದು ಮಾಡಿದ್ದು ನಮಗೆ ಬೇಡದೆ ಆಗಬಹುದು. ಮಕ್ಕಳಿಗಂತೂ ಹಚ್ಚಲೇಬೇಡಿ.

ಫಿಟ್ಸ್ ಬಂದಾಗ ಕೈಕಾಲು ಅದುಮಿ ಹಿಡಿಯುವ ಅಭ್ಯಾಸವೂ ಭುಜಕ್ಕೆ ಕೆಟ್ಟದ್ದು. ನಾಲ್ಕು ಜನ ಹಿಡಿದುಕೊಂಡರೆ ಸೆಳೆತ ನಿಲ್ಲುವುದಿಲ್ಲ, ಕೀಲಿನ ಮೇಲೆ ಎರಡೂ ಕಡೆಯಿಂದ ಬಲ ಬೀಳುತ್ತದೆ ಅಷ್ಟೇ. ಕೈಗೆ ಕೀಲಿಕೈ ಕೊಟ್ಟರೂ, ಮೂಗಿಗೆ ಈರುಳ್ಳಿ ಹಿಡಿದರೂ ಉಪಯೋಗವಿಲ್ಲ. ಮೆಟ್ಟುಗತ್ತಿ, ಒಲೆ, ಬಿಸಿನೀರಿನ ಹಂಡೆ ಹತ್ತಿರ ಇದ್ದರೆ ದೂರ ಮಾಡಿ, ತಲೆ ಕೆಳಗೆ ಬಟ್ಟೆ ಇಡಿ, ಗಡಿಯಾರ ನೋಡಿ. ಸೆಳೆತ ನಿಂತ ಮೇಲೆ ಒಂದು ಪಕ್ಕಕ್ಕೆ ಮಲಗಿಸಿ. ಆಗಲೂ ತೋಳು ಹಿಡಿದು ಎಳೆಯದೆ ಬೆನ್ನು, ಸೊಂಟ ಹಿಡಿದು ಹೊರಳಿಸಿ. 5 ನಿಮಿಷ ದಾಟಿದರೆ, ಮತ್ತೆ ಮತ್ತೆ ಬಂದರೆ, ಅಥವಾ ಇದೇ ಮೊದಲ ಸಲವಾದರೆ 108ಕ್ಕೆ ಫೋನ್ ಮಾಡಿ.

ಕರೆಂಟ್ ಶಾಕ್ ಹೊಡೆದವರಿಗೂ ಇದೇ ಲೆಕ್ಕ. ಅಡಿಕೆ ಕೊಯ್ಯುವ ಉದ್ದನೆಯ ದೋಟಿ ವಿದ್ಯುತ್ ತಂತಿಗೆ ತಗುಲುವ ಅಪಾಯ ತೋಟದಲ್ಲಿ ಇದ್ದೇ ಇದೆ. ಅಲ್ಯೂಮಿನಿಯಂ ಮಾತ್ರವಲ್ಲ, ಈಗ ಬಂದಿರುವ ಕಾರ್ಬನ್ ಫೈಬರ್ ದೋಟಿಯೂ ಕರೆಂಟ್ ಹರಿಸುತ್ತದೆ. ಬದುಕಿ ಉಳಿದವರ ಹೃದಯ, ಸುಟ್ಟ ಗಾಯ ನೋಡಿದ ಮೇಲೆ ಮೊಣಕೈ ಪಕ್ಕೆಗೆ ಒತ್ತಿ ಮುಂಗೈ ಹೊರಕ್ಕೆ ತಿರುಗುತ್ತದಾ ಅಂತಲೂ ಒಮ್ಮೆ ನೋಡಬೇಕು. ಭುಜ ಸರಿಹೋದ ಮೇಲೆ ಎಂದಿನ ಕೆಲಸಕ್ಕೆ ಮರಳುವುದು ಯಾವಾಗ ಅನ್ನುವುದನ್ನು ಮೂಳೆ ಡಾಕ್ಟರೊಬ್ಬರೇ ಹೇಳಲು ಆಗದು. ಭಾರ ಎತ್ತಲು ಅವರ ಒಪ್ಪಿಗೆ ಸಾಕು. ಮರ ಹತ್ತಲು, ಒಬ್ಬರೇ ಕೆರೆಗೆ ಇಳಿಯಲು, ಬೈಕ್ ಓಡಿಸಲು ಫಿಟ್ಸ್ ನೋಡುವ ಡಾಕ್ಟರನ್ನೂ ಕೇಳಬೇಕು. ಮುಂದೆ ಆಪರೇಷನ್ ಇದ್ದರೆ, ಆ ದಿನ ಬೆಳಿಗ್ಗೆ "ಏನೂ ತಿನ್ನಬೇಡಿ" ಅಂದರೆಂದು ಫಿಟ್ಸ್ ಮಾತ್ರೆಯನ್ನೂ ಬಿಡಬೇಡಿ. ಒಂದು ಗುಟುಕು ನೀರಿನಲ್ಲಿ ಅದನ್ನು ತೆಗೆದುಕೊಳ್ಳಲು ಅರಿವಳಿಕೆ ಡಾಕ್ಟರು ಸಾಮಾನ್ಯವಾಗಿ ಒಪ್ಪುತ್ತಾರೆ. ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.